ಎರಡು ಸಾವುಗಳ ನಡುವಿನ ಒಂದೂವರೆ ಗಂಟೆ: ಬೋರ್ಡೆನ್ ಕೊಲೆಗಳ ಊಹಾಚರಿತ್ರೆ

1892ರ ಆಗಸ್ಟ್ 4ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಪಟ್ಟಣದಲ್ಲಿ ಆಂಡ್ರ್ಯೂ ಬೋರ್ಡೆನ್ ಮತ್ತು ಅವನ ಎರಡನೆಯ ಹೆಂಡತಿ ಆ್ಯಬಿ ತಮ್ಮ ಮನೆಯೊಳಗೇ ಕೊಡಲಿಪೆಟ್ಟಿನಿಂದ ಸತ್ತರು. ಮೊದಲ ಹೆಂಡತಿಯ ಕಿರಿಮಗಳು, 32ರ ಲಿಝೀ, ಕೊಲೆಯ ಆರೋಪ ಹೊತ್ತು 1893ರ ಜೂನ್‌ನಲ್ಲಿ ಖುಲಾಸೆಯಾದಳು. ಬೇರೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಅಂದಿನಿಂದ ಕೊಲೆಗಾರ ಯಾರೆಂಬ ಬಗ್ಗೆ ಪುಸ್ತಕಗಳು ಬರುತ್ತಲೇ ಇವೆ. ಅವುಗಳಲ್ಲಿ ಹೆಚ್ಚಿನವು ಆರೋಪಿಯನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಸಾಕ್ಷ್ಯ ಹುಡುಕಲು ಹೊರಟಂಥವು. ನನ್ನ ವಾದ ಇಷ್ಟು: ಈ ಪ್ರಕರಣದಲ್ಲಿ ಯಾವ ಊಹೆಯನ್ನಾದರೂ ಒರೆಗೆ ಹಚ್ಚಬೇಕಾದದ್ದು ಎರಡು ಸಂಗತಿಗಳ ಮೇಲೆ. ಒಂದು, ಸಾವುಗಳ ನಡುವಿನ ಹೊತ್ತು. ಇನ್ನೊಂದು, ಆ ಮನೆಯ ಕಟ್ಟೋಣ.

ಆ್ಯಬಿ ಸತ್ತದ್ದು ಮಹಡಿಯ ಅತಿಥಿ ಕೋಣೆಯಲ್ಲಿ, ಬೆಳಗಿನ ಒಂಬತ್ತೂವರೆಯ ಸುಮಾರಿಗೆ. ಆಂಡ್ರ್ಯೂ ಪೇಟೆಯಿಂದ ಮರಳಿದ್ದು ಹತ್ತೂ ಮುಕ್ಕಾಲಿಗೆ. ಹನ್ನೊಂದರ ಹೊತ್ತಿಗೆ ನಡುಮನೆಯ ಸೋಫಾದ ಮೇಲೆ ಕೊಲೆಯಾಗಿದ್ದ. ವೈದ್ಯರು ನೋಡಿದಾಗ ಅವನ ರಕ್ತ ಇನ್ನೂ ಹಸಿಯಾಗಿತ್ತು, ಆ್ಯಬಿಯ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ಹಾರ್ವರ್ಡ್‌ನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ವುಡ್ ಇಬ್ಬರ ಹೊಟ್ಟೆಯಲ್ಲಿದ್ದ ಆಹಾರ ಎಷ್ಟು ಜೀರ್ಣವಾಗಿತ್ತೆಂದು ಹೋಲಿಸಿ ನೋಡಿ, ನಡುವೆ ಸುಮಾರು ಒಂದೂವರೆ ಗಂಟೆಯ ಅಂತರವಿದೆಯೆಂದು ಹೇಳಿದ. ಆಗಿನ ಕಾಲಕ್ಕೆ ಇದು ತೀರ ಗಟ್ಟಿಯಾದ ಸಾಕ್ಷ್ಯ. ಆಸ್ತಿಗೂ ಇದು ಮುಖ್ಯವಾಯಿತು. ಆಂಡ್ರ್ಯೂವಿನ ಉಯಿಲು ಸಿಗಲಿಲ್ಲ. ಗಂಡ ಮೊದಲು ಸತ್ತಿದ್ದರೆ ಅವನ ಸ್ವತ್ತಿನಲ್ಲಿ ಆ್ಯಬಿಯ ಕಡೆಯವರಿಗೂ ಪಾಲು ಬರುತ್ತಿತ್ತು. ಹೆಂಡತಿಯೇ ಮೊದಲು ಸತ್ತದ್ದರಿಂದ ಎಲ್ಲವೂ ಲಿಝೀ ಮತ್ತು ಅವಳ ಅಕ್ಕ ಎಮ್ಮಾಳಿಗೆ ಬಂತು.

ಇನ್ನು ಮನೆ. ಆ ಮನೆಯ ಕೋಣೆಗಳು ಒಂದರಿಂದ ಒಂದಕ್ಕೆ ತೆರೆದುಕೊಳ್ಳುತ್ತಿದ್ದವು. ಮಹಡಿಯ ಮುಂಭಾಗದಲ್ಲಿ ಹೆಣ್ಣುಮಕ್ಕಳ ಕೋಣೆಗಳೂ ಅತಿಥಿ ಕೋಣೆಯೂ; ಹಿಂಭಾಗದಲ್ಲಿ ತಂದೆ-ಮಲತಾಯಿಯ ಕೋಣೆ. ಇವೆರಡರ ನಡುವಿನ ಬಾಗಿಲಿಗೆ ಸದಾ ಚಿಲಕ. ಹಾಗಾಗಿ ಹಿಂದಿನ ಮೆಟ್ಟಿಲು ಹತ್ತಿದವರು ಮುಂದಿನ ಕೋಣೆಗಳಿಗೆ ಹೋಗುವಂತಿರಲಿಲ್ಲ. ಬೀದಿಬಾಗಿಲಿಗೆ ಮೂರು ಬೀಗಗಳಿದ್ದವು. ಪಕ್ಕದ ಜಾಲರಿ ಬಾಗಿಲನ್ನು ಮಾತ್ರ ಕೆಲಸದ ಬ್ರಿಜೆಟ್ ಸಲ್ಲಿವನ್ ಕಿಟಕಿ ತೊಳೆಯಲು ಹೊರಗೆ ಹೋದಾಗ ಸ್ವಲ್ಪ ಹೊತ್ತು ತೆರೆದಿಟ್ಟಿದ್ದಳು. ಹೊರಗಿನವನೊಬ್ಬ ಆಗ ನುಸುಳಿದನೆಂದೇ ಇಟ್ಟುಕೊಳ್ಳೋಣ. ಅವನು ಆ್ಯಬಿಯನ್ನು ಕೊಂದು, ಒಂದೂವರೆ ಗಂಟೆ ಅದೇ ಮನೆಯಲ್ಲಿ ಅಡಗಿದ್ದು, ಲಿಝೀಗೂ ಬ್ರಿಜೆಟ್‌ಗೂ ಕಾಣದೆ ಕೆಳಗಿಳಿದು, ಆಂಡ್ರ್ಯೂವನ್ನು ಕೊಂದು, ಹಾಡಹಗಲಲ್ಲಿ ಜನನಿಬಿಡ ಬೀದಿಗೆ ಜಾರಿಕೊಳ್ಳಬೇಕು. ಅಸಾಧ್ಯವೆನ್ನಲಾರೆ. ಆದರೆ ಈ ವಾದ ಹೂಡುವವರು ಅವನನ್ನು ಅಷ್ಟು ಹೊತ್ತು ಯಾವ ಕೋಣೆಯಲ್ಲಿ ನಿಲ್ಲಿಸುತ್ತಾರೆಂದು ಹೇಳಲೇಬೇಕಾಗುತ್ತದೆ.

ಬ್ರಿಜೆಟ್ ಕೊಟ್ಟ ಸಾಕ್ಷ್ಯದಲ್ಲಿ ಒಂದು ಗಳಿಗೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದೆ. ಯಜಮಾನ ಬಾಗಿಲು ತಟ್ಟಿದಾಗ ಅವಳು ಒಳಗಿಂದ ಬೀಗಗಳ ಜೊತೆ ಒದ್ದಾಡುತ್ತ ಬೇಸರದಿಂದ ಏನೋ ಗೊಣಗಿದಳು. ಆಗ ಮಹಡಿಯ ಕಡೆಯಿಂದ ಲಿಝೀ ನಕ್ಕದ್ದು ಕೇಳಿಸಿತು. ಮಹಡಿಗೆ ಹೋಗುವ ಮುಂದಿನ ಮೆಟ್ಟಿಲುಗಳ ಮೇಲೆ ಒಂದು ಹಂತದಲ್ಲಿ ಕಣ್ಣು ಮಹಡಿಯ ನೆಲದ ಮಟ್ಟಕ್ಕೆ ಬರುತ್ತದೆ. ನೆರೆಮನೆಯ ಅಡಿಲೇಡ್ ಚರ್ಚಿಲ್‌ಗೆ ಸ್ವಲ್ಪ ಹೊತ್ತಿನ ಬಳಿಕ ಆ್ಯಬಿಯ ಶವ ಕಂಡದ್ದು ಅಲ್ಲಿಂದಲೇ. ತಂದೆ ಬಂದಾಗ ತಾನೆಲ್ಲಿದ್ದೆ ಎಂಬುದಕ್ಕೆ ಲಿಝೀ ಮರಣ ವಿಚಾರಣೆಯಲ್ಲಿ (ಇನ್‌ಕ್ವೆಸ್ಟ್) ಒಮ್ಮೆ ಅಡುಗೆಮನೆ ಎಂದಳು, ಒಮ್ಮೆ ಮಹಡಿ ಎಂದಳು. ಮಲತಾಯಿಗೆ ಯಾರೋ ಕಾಯಿಲೆಯವರಿಂದ ಚೀಟಿ ಬಂದು ಹೊರಗೆ ಹೋಗಿದ್ದಾರೆ ಎಂದಿದ್ದಳು. ಆ ಚೀಟಿ ಸಿಗಲಿಲ್ಲ, ಕಳಿಸಿದೆವೆಂದು ಯಾರೂ ಮುಂದೆ ಬರಲಿಲ್ಲ.

ಹಾಗಿದ್ದರೆ ಖುಲಾಸೆ ಹೇಗಾಯಿತು? ಮರಣ ವಿಚಾರಣೆಯಲ್ಲಿ ಅವಳಿಗೆ ವಕೀಲರಿರಲಿಲ್ಲ, ಆಗಲೇ ಅವಳು ಬಂಧನದಲ್ಲಿದ್ದಂತೆಯೇ ಎಂದು ನ್ಯಾಯಾಲಯ ಆ ಹೇಳಿಕೆಗಳನ್ನು ಬದಿಗಿಟ್ಟಿತು. ಕೊಲೆಯ ಹಿಂದಿನ ದಿನ ಅವಳು ಪ್ರೂಸಿಕ್ ಆಮ್ಲವೆಂಬ ವಿಷ ಕೊಳ್ಳಲು ಬಂದಿದ್ದಳೆಂದು ಔಷಧಿ ಅಂಗಡಿಯ ಇಲೈ ಬೆನ್ಸ್ ಹೇಳಿದ್ದೂ ಜ್ಯೂರಿಯ ಕಿವಿಗೆ ಬೀಳಲಿಲ್ಲ. ಪೊಲೀಸರು ತಂದಿಟ್ಟ ಹಿಡಿಯಿಲ್ಲದ ಕೈಗೊಡಲಿಯೇ ಆಯುಧವೆಂದು ರುಜುವಾಗಲಿಲ್ಲ. ಪ್ರತಿವಾದಿ ವಕೀಲ ಜಾರ್ಜ್ ರಾಬಿನ್ಸನ್ ರಾಜ್ಯದ ಮಾಜಿ ಗವರ್ನರ್. ಜ್ಯೂರಿಗೆ ನಿರ್ದೇಶನ ನೀಡಿದ ನ್ಯಾಯಾಧೀಶ ಡ್ಯೂಯಿಯನ್ನು ಆ ಪದವಿಗೆ ನೇಮಿಸಿದ್ದವನೂ ಅವನೇ. ತಮ್ಮ ಮುಂದಿದ್ದ ಪುರಾವೆಯ ಮಟ್ಟಿಗೆ ಆ ಹನ್ನೆರಡು ಗಂಡಸರ ತೀರ್ಪು ತಪ್ಪೆಂದು ನಾನು ಹೇಳಲಾರೆ. ಸಂಶಯದ ಲಾಭ ಆರೋಪಿಗೆ ಸಲ್ಲಬೇಕು, ಸಂದಿತು. ಚರಿತ್ರೆ ಬರೆಯುವವನಿಗೆ ಮಾತ್ರ ಕೈಬಿಟ್ಟ ಸಾಕ್ಷ್ಯವನ್ನೂ ಓದುವ ಸ್ವಾತಂತ್ರ್ಯವಿದೆ.

ಊಹೆಗಳ ಸಾಲಿನಲ್ಲಿ ಮೊದಲ ಪ್ರಭಾವಿ ಬರಹಗಾರ ಎಡ್ಮಂಡ್ ಪಿಯರ್ಸನ್. 1924ರಿಂದ ಅವನು ಲಿಝೀಯತ್ತಲೇ ಬೆರಳು ತೋರಿದ. 1961ರಲ್ಲಿ ಎಡ್ವರ್ಡ್ ರಾಡಿನ್, ಪಿಯರ್ಸನ್ ಸಾಕ್ಷ್ಯವನ್ನು ಅನುಕೂಲಕ್ಕೆ ತಕ್ಕಂತೆ ಆರಿಸಿಕೊಂಡಿದ್ದಾನೆಂದು ತೋರಿಸಿಕೊಟ್ಟ. ಅಲ್ಲಿಗೆ ನಿಲ್ಲದೆ ಬ್ರಿಜೆಟ್ಟೇ ಕೊಲೆಗಾತಿ ಎಂದ. ಸೆಖೆಯಲ್ಲಿ, ಮೈ ಸರಿಯಿಲ್ಲದಾಗ ಕಿಟಕಿ ತೊಳೆಸಿದರೆಂಬ ಸಿಟ್ಟಿಗೆ ಒಬ್ಬಾಕೆ ಇಬ್ಬರನ್ನು ಕಡಿದಳೆಂದು ನಂಬುವುದು ನನಗೆ ಕಷ್ಟ. ಅವಳಿಗೆ ಇದರಿಂದ ಬಂದದ್ದೇನೂ ಇಲ್ಲ. ಐರಿಷ್ ವಲಸೆಗಾರ್ತಿ, ಕೂಲಿಯಾಳು ಎಂಬ ಕಾರಣಕ್ಕೆ ಅವಳ ಮೇಲೆ ಹೊರೆ ಹೊರಿಸುವುದು ಸುಲಭವಾಯಿತೆಂದೇ ನನ್ನ ಭಾವನೆ. ಇಂಥದೇ ಸುಲಭದ ದಾರಿ 1893ರಲ್ಲೂ ತೆರೆದಿತ್ತು. ವಿಚಾರಣೆಗೆ ಕೆಲವೇ ದಿನ ಮೊದಲು ಅದೇ ಊರಿನಲ್ಲಿ ಬರ್ತಾ ಮ್ಯಾಂಚೆಸ್ಟರ್ ಎಂಬಾಕೆ ಕೊಡಲಿಯಿಂದ ಹತಳಾದಾಗ ಎರಡಕ್ಕೂ ಒಬ್ಬನೇ ಕಾರಣವಿರಬೇಕೆಂಬ ಮಾತು ಹಬ್ಬಿತು. ಆ ಕೊಲೆಗೆ ಸಿಕ್ಕಿಬಿದ್ದ ಪೋರ್ಚುಗೀಸ್ ವಲಸೆಗಾರ 1892ರಲ್ಲಿ ಅಮೆರಿಕಕ್ಕೇ ಬಂದಿರಲಿಲ್ಲ.

1967ರಲ್ಲಿ ವಿಕ್ಟೋರಿಯಾ ಲಿಂಕನ್ ಲಿಝೀಗೆ ಮೂರ್ಛೆರೋಗವಿತ್ತೆಂಬ ವಿವರಣೆ ತಂದಳು. 1984ರಲ್ಲಿ ಫ್ರಾಂಕ್ ಸ್ಪೈರಿಂಗ್, ಸುಮಾರು 15 ಮೈಲಿ ದೂರದ ಫೇರ್‌ಹೇವನ್‌ನಲ್ಲಿದ್ದ ಎಮ್ಮಾ ಗುಟ್ಟಾಗಿ ಬಂದು ಹೋದಳೆಂದ. 1991ರಲ್ಲಿ ಆರ್ನಲ್ಡ್ ಬ್ರೌನ್, ವಿಲಿಯಂ ಬೋರ್ಡೆನ್ ಎಂಬವನು ಆಂಡ್ರ್ಯೂವಿನ ಅಕ್ರಮ ಸಂತಾನವೆಂದೂ ಅವನೇ ಕೊಂದನೆಂದೂ ಬರೆದ. ತಂದೆ-ಮಗ ಸಂಬಂಧಕ್ಕೇ ಗಟ್ಟಿ ದಾಖಲೆಯಿಲ್ಲ. ಅತಿಥಿಯಾಗಿ ಬಂದಿದ್ದ ಲಿಝೀಯ ಸೋದರಮಾವ ಜಾನ್ ಮೋರ್ಸ್ ಆ ಬೆಳಿಗ್ಗೆ ಬೇರೆ ಬೀದಿಯ ನೆಂಟರ ಮನೆಯಲ್ಲಿದ್ದದ್ದಕ್ಕೆ ಸಾಕ್ಷಿಗಳಿದ್ದಾರೆ.

ನಾನು ಲಿಝೀಯ ಕಡೆಗೇ ವಾಲುತ್ತೇನೆ. ಮೊದಲ ಕೊಲೆಯಿಂದ ಎರಡನೆಯದರವರೆಗೆ ಮನೆಯಲ್ಲೇ ಇದ್ದು, ಮಹಡಿಗೆ ನಿರ್ಭಯವಾಗಿ ಹತ್ತಿಳಿಯಬಲ್ಲವಳು, ಸಾವಿನಿಂದ ಆಸ್ತಿ ಪಡೆಯುವವಳು ಅವಳೊಬ್ಬಳೇ. ಆದರೂ ಈ ಊಹೆಗೊಂದು ಬಿರುಕಿದೆ. ತಂದೆ ಮನೆಗೆ ಬಂದದ್ದಕ್ಕೂ ಹನ್ನೊಂದೂ ಹತ್ತಕ್ಕೆ ಅವಳು ಬ್ರಿಜೆಟ್‌ಳನ್ನು ಕೂಗಿದ್ದಕ್ಕೂ ನಡುವೆ ಅರ್ಧ ಗಂಟೆಯೂ ಇಲ್ಲ. ಮೊದಲು ಓಡಿಬಂದ ಯಾರೂ ಅವಳ ಮೈಮೇಲೆ ರಕ್ತ ಕಂಡವರಲ್ಲ. ಮೂರು ದಿನದ ನಂತರ, ಭಾನುವಾರ, ಗೆಳತಿ ಆ್ಯಲಿಸ್ ರಸೆಲ್ ಎದುರಿಗೇ ಅವಳು ಒಂದು ಉಡುಪನ್ನು ಅಡುಗೆಮನೆಯ ಒಲೆಗೆ ಹಾಕಿದಳು. ಬಣ್ಣ ಮೆತ್ತಿ ಹಾಳಾಗಿತ್ತು ಎಂಬುದು ಅವಳ ಸಮಜಾಯಿಷಿ. ಆದರೆ ಅದಕ್ಕೂ ಮೊದಲೇ ಪೊಲೀಸರು ಮನೆ ಶೋಧಿಸಿದ್ದರು, ರಕ್ತದ ಬಟ್ಟೆ ಸಿಕ್ಕಿರಲಿಲ್ಲ. ಲಿಝೀಯೇ ಎನ್ನುವವರಿಗೆ, ನನ್ನನ್ನೂ ಸೇರಿಸಿ, ಆ ನಿಮಿಷಗಳಲ್ಲಿ ಉಡುಪೂ ಆಯುಧವೂ ಎಲ್ಲಿಗೆ ಹೋದವೆಂದು ದಾಖಲೆಯಿಂದ ತೋರಿಸಲು ಇನ್ನೂ ಸಾಧ್ಯವಾಗಿಲ್ಲ. ಸರ್ಕಾರಿ ವಕೀಲ ಹೋಸಿಯಾ ನೋಲ್ಟನ್ನನ ಕಾಗದಪತ್ರಗಳು ಅಚ್ಚಾಗಿವೆ. ಲಿಝೀಯ ವಕೀಲ ಆಂಡ್ರ್ಯೂ ಜೆನಿಂಗ್ಸ್ ಇಟ್ಟ ದಾಖಲೆಪುಸ್ತಕಗಳು ಫಾಲ್ ರಿವರ್ ಹಿಸ್ಟಾರಿಕಲ್ ಸೊಸೈಟಿಯ ಕೈ ಸೇರಿವೆ. ಮುಂದಿನ ಸಂಶೋಧಕರು ಹೊಸ ಕೊಲೆಗಾರನನ್ನು ಹುಡುಕುವ ಮೊದಲು ಇವೆರಡನ್ನೂ ಎದುರುಬದುರು ಇಟ್ಟುಕೊಂಡು ಆ ಉಡುಪಿನ ಪ್ರಶ್ನೆಯಿಂದಲೇ ಆರಂಭಿಸಬೇಕು.