ಕೂದಲು ಕಸಿ ಮತ್ತು ಹೇರ್ ಪ್ಯಾಚ್‌ಗಳ ಸಂಯೋಜಿತ ಬಳಕೆ

ಕೂದಲು ಕಸಿ ಮತ್ತು ಹೇರ್ ಪ್ಯಾಚ್‌ಗಳ ಸಂಯೋಜಿತ ಬಳಕೆ ಎಂದರೆ, ತಲೆಯ ಮುಂಭಾಗದಲ್ಲಿ ವ್ಯಕ್ತಿಯ ಸ್ವಂತ ಕೂದಲನ್ನು ಶಸ್ತ್ರಕ್ರಿಯೆಯ ಮೂಲಕ ನೆಟ್ಟು, ಅದರ ಹಿಂದಿನ ಬೋಳು ಭಾಗವನ್ನು ಕೃತಕ ಕೇಶಪಟ್ಟಿಯಿಂದ ಮುಚ್ಚುವ ಕ್ರಮ. ಇಡೀ ತಲೆಯನ್ನು ಆವರಿಸುವ ಕೃತಕ ಕೇಶವನ್ನು ವಿಗ್ ಎಂದೂ, ಒಂದು ಭಾಗವನ್ನು ಮಾತ್ರ ಮುಚ್ಚುವ ಕೇಶಪಟ್ಟಿಯನ್ನು ಹೇರ್ ಪ್ಯಾಚ್ ಎಂದೂ ಕರೆಯುವುದು ರೂಢಿ. ತಲೆಯ ಹಿಂಭಾಗದಲ್ಲಿ ಉಳಿದಿರುವ ಕೂದಲು ಇಡೀ ಬೋಳು ಪ್ರದೇಶವನ್ನು ತುಂಬಲು ಸಾಲದೆ ಇದ್ದಾಗ ಈ ಕ್ರಮವನ್ನು ಪರಿಗಣಿಸಲಾಗುತ್ತದೆ. ಹಣೆಯ ಮೇಲಿನ ಕೇಶರೇಖೆ ಸಹಜವಾಗಿ ಕಾಣುವಂತೆ ಮಾಡುವುದು ಇದರ ಮುಖ್ಯ ಉದ್ದೇಶ.

ಹಿನ್ನೆಲೆ

ಪುರುಷರಲ್ಲಿ ಕಂಡುಬರುವ ಬೋಳುತಲೆಗೆ ಬಹುಪಾಲು ಅನುವಂಶೀಯತೆ ಮತ್ತು ಹಾರ್ಮೋನುಗಳು ಕಾರಣ. ಟೆಸ್ಟೊಸ್ಟೆರಾನ್ ಹಾರ್ಮೋನಿನಿಂದ ಉಂಟಾಗುವ ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಸಂಯುಕ್ತವು ಮುಂದಲೆ ಮತ್ತು ನೆತ್ತಿಯ ಕೇಶಕೂಪಗಳನ್ನು, ಅಂದರೆ ಕೂದಲು ಹುಟ್ಟುವ ಬುಡಗಳನ್ನು, ಕ್ರಮೇಣ ಕುಗ್ಗಿಸುತ್ತದೆ. ಕೂದಲು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ. ಕಿವಿಗಳ ಮೇಲ್ಭಾಗ ಮತ್ತು ಹಿಂದಲೆಯ ಕೇಶಕೂಪಗಳು ಈ ಪ್ರಭಾವಕ್ಕೆ ಸಾಮಾನ್ಯವಾಗಿ ಒಳಗಾಗುವುದಿಲ್ಲ. ಆದ್ದರಿಂದಲೇ ಬೋಳುತಲೆಯವರಲ್ಲಿಯೂ ಕುದುರೆ ಲಾಳದ ಆಕಾರದಲ್ಲಿ ಕೂದಲು ಉಳಿದಿರುತ್ತದೆ.

ಈ ಬಗೆಯ ಕೂದಲು ಉದುರುವಿಕೆಯನ್ನು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ವರ್ಗೀಕರಿಸಿದರು. ಓಟಾರ್ ನಾರ್ವುಡ್ 1975ರಲ್ಲಿ ಅದನ್ನು ಪರಿಷ್ಕರಿಸಿದರು. ಹ್ಯಾಮಿಲ್ಟನ್–ನಾರ್ವುಡ್ ಮಾಪಕವೆಂದು ಹೆಸರಾದ ಈ ವರ್ಗೀಕರಣದಲ್ಲಿ 7 ಹಂತಗಳಿವೆ. ಸಂಯೋಜಿತ ಕ್ರಮವು ಮುಖ್ಯವಾಗಿ 6 ಮತ್ತು 7ನೆಯ ಹಂತದವರಿಗೆ ಸಂಬಂಧಿಸಿದುದು.

ಕೂದಲು ಕಸಿಯ ಇತಿಹಾಸ

ಜಪಾನಿನ ಚರ್ಮವೈದ್ಯ ಶೋಜಿ ಒಕುಡಾ ಅವರು ಕೂದಲುಳ್ಳ ಚರ್ಮದ ಸಣ್ಣ ತುಣುಕುಗಳನ್ನು ತೆಗೆದು ಕೂದಲಿಲ್ಲದ ಜಾಗದಲ್ಲಿ ನೆಡುವ ವಿಧಾನವನ್ನು 1939ರಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾರಣ ಅದು ಪಾಶ್ಚಾತ್ಯ ವೈದ್ಯರ ಗಮನಕ್ಕೆ ಬಹುಕಾಲ ಬರಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲಿ ಸ್ವತಂತ್ರವಾಗಿ ಇಂತಹ ಕಸಿಯನ್ನು ನಡೆಸಿ, 1959ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ಥಳ ಬದಲಾದರೂ ಕೂದಲು ತಾನು ಮೊದಲಿದ್ದ ಜಾಗದ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದು ಅವರು ಕಂಡುಕೊಂಡ ತತ್ತ್ವ. ಇದಕ್ಕೆ ‘ದಾನಿ ಪ್ರಾಬಲ್ಯ’ ಎಂದು ಹೆಸರು. ಹಿಂದಲೆಯಿಂದ ತಂದ ಕೂದಲು ಮುಂದಲೆಯಲ್ಲಿ ನೆಟ್ಟ ಮೇಲೂ ಬೆಳೆಯುತ್ತಿರುವುದಕ್ಕೆ ಇದೇ ಆಧಾರ.

ಆ ಕಾಲದ ತುಣುಕುಗಳು ಸುಮಾರು 4 ಮಿಲಿಮೀಟರ್ ಅಗಲವಿದ್ದು, ಪ್ರತಿಯೊಂದರಲ್ಲಿಯೂ ಹತ್ತಾರು ಕೂದಲುಗಳಿರುತ್ತಿದ್ದವು. ನೆಟ್ಟ ಭಾಗ ಗೊಂಬೆಯ ತಲೆಯಂತೆ, ಸಾಲಾಗಿ ನೆಟ್ಟ ಪೈರಿನಂತೆ ಕಾಣುತ್ತಿತ್ತು. ಕೂದಲು ಸಹಜವಾಗಿ 1ರಿಂದ 4ರ ಸಣ್ಣ ಗುಚ್ಛಗಳಾಗಿ ಬೆಳೆಯುತ್ತದೆ ಎಂಬ ಅಂಶವನ್ನು ಆಧರಿಸಿ, 1980 ಮತ್ತು 1990ರ ದಶಕಗಳಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಒಂದೊಂದೇ ಗುಚ್ಛವನ್ನು ಬಿಡಿಸಿ ನೆಡುವ ಪದ್ಧತಿ ಬೆಳೆಯಿತು. ಈ ಗುಚ್ಛವನ್ನು ಫಾಲಿಕ್ಯುಲರ್ ಯೂನಿಟ್ ಎಂದೂ, ನೆಡಲು ಸಿದ್ಧಪಡಿಸಿದ ತುಣುಕನ್ನು ಗ್ರಾಫ್ಟ್ ಎಂದೂ ಕರೆಯುತ್ತಾರೆ.

ಇಂದು ಎರಡು ವಿಧಾನಗಳು ಬಳಕೆಯಲ್ಲಿವೆ. ಎಫ್‌ಯುಟಿ ವಿಧಾನದಲ್ಲಿ ಹಿಂದಲೆಯಿಂದ ಚರ್ಮದ ಪಟ್ಟಿಯೊಂದನ್ನು ತೆಗೆದು ಗ್ರಾಫ್ಟ್‌ಗಳಾಗಿ ಬಿಡಿಸುತ್ತಾರೆ. ಅಲ್ಲಿ ಗೆರೆಯಂತಹ ಗಾಯದ ಕಲೆ ಉಳಿಯುತ್ತದೆ. ಎಫ್‌ಯುಇ ವಿಧಾನದಲ್ಲಿ ಸುಮಾರು 1 ಮಿಲಿಮೀಟರ್ ಅಗಲದ ಉಪಕರಣದಿಂದ ಗುಚ್ಛಗಳನ್ನು ಬಿಡಿಬಿಡಿಯಾಗಿ ತೆಗೆಯುತ್ತಾರೆ. ಇದರಲ್ಲಿ ಚುಕ್ಕೆಗಳಂತಹ ಸಣ್ಣ ಕಲೆಗಳು ಉಳಿಯುತ್ತವೆ.

ಸಂಯೋಜನೆಯ ಅಗತ್ಯ

ಕಸಿಯಿಂದ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಇರುವ ಕೂದಲಿನ ಸ್ಥಳ ಮಾತ್ರ ಬದಲಾಗುತ್ತದೆ. ಹಿಂದಲೆಯಿಂದ ಒಮ್ಮೆ ತೆಗೆದ ಗುಚ್ಛದ ಜಾಗದಲ್ಲಿ ಮತ್ತೆ ಕೂದಲು ಬೆಳೆಯುವುದಿಲ್ಲ. ದಾನಿ ಪ್ರದೇಶ ತೀರ ತೆಳುವಾಗದಂತೆ ಒಬ್ಬ ವ್ಯಕ್ತಿಯಿಂದ ಜೀವಮಾನದಲ್ಲಿ ಸಾಮಾನ್ಯವಾಗಿ 5,000ದಿಂದ 6,000 ಗುಚ್ಛಗಳನ್ನು ಪಡೆಯಬಹುದು. ಹಲವರಲ್ಲಿ ಇದಕ್ಕಿಂತ ಕಡಿಮೆ.

ಸಮಸ್ಯೆಯನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಬೋಳು ಪ್ರದೇಶದ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿಗೆ 35 ಗುಚ್ಛಗಳಂತೆ ನೆಟ್ಟರೆ 7,000 ಗುಚ್ಛಗಳು ಬೇಕು. ಇದು ಸಹಜ ಸಾಂದ್ರತೆಯ ಅರ್ಧದಷ್ಟೇ ಆದರೂ, ಅಷ್ಟು ಗುಚ್ಛಗಳು ದೊರೆಯುವುದಿಲ್ಲ. ಅದರ ಬದಲು ಹಣೆಯ ಮೇಲೆ 15 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ಮಾತ್ರ ತುಂಬುವುದಾದರೆ ವಿಸ್ತೀರ್ಣ 30 ಚದರ ಸೆಂಟಿಮೀಟರ್. ಬೇಕಾಗುವ ಗುಚ್ಛಗಳು 1,050. ಉಳಿದ ಭಾಗವನ್ನು ಹೇರ್ ಪ್ಯಾಚ್ ಮುಚ್ಚುತ್ತದೆ.

ಇನ್ನೊಂದು ಕಡೆ, ಹೇರ್ ಪ್ಯಾಚನ್ನು ಮಾತ್ರ ಧರಿಸುವವರಿಗೆ ದೊಡ್ಡ ತೊಡಕು ಅದರ ಮುಂದಿನ ಅಂಚು. ನೆತ್ತಿಯ ಮೇಲಿನ ಭಾಗ ಎಷ್ಟೇ ಚೆನ್ನಾಗಿದ್ದರೂ, ಹಣೆಯ ಬಳಿ ಅಂಚು ಎದ್ದು ಕಂಡರೆ ನೋಡುವವರಿಗೆ ಗುಟ್ಟು ತಿಳಿಯುತ್ತದೆ. ಗಾಳಿ, ಬೆವರು ಮತ್ತು ಬಿರುಬೆಳಕು ಈ ಅಂಚನ್ನೇ ಮೊದಲು ಬಯಲು ಮಾಡುತ್ತವೆ. ಸ್ವಂತ ಕೂದಲಿನ ಪಟ್ಟಿಯೊಂದು ಮುಂದೆ ಇದ್ದು, ಅದನ್ನು ಹಿಂದಕ್ಕೆ ಬಾಚಿದಾಗ ಅಂಚು ಮರೆಯಾಗುತ್ತದೆ. ಹೀಗೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ಕೇಶರೇಖೆಯ ವಿನ್ಯಾಸ

ಸಹಜ ಕೇಶರೇಖೆಯು ಅಳತೆಪಟ್ಟಿ ಇಟ್ಟು ಎಳೆದ ಗೆರೆಯಲ್ಲ. ಅದರಲ್ಲಿ ಸಣ್ಣ ಏರಿಳಿತಗಳಿರುತ್ತವೆ. ಮುಂಚೂಣಿಯಲ್ಲಿ ತೆಳುವಾದ ಒಂಟಿ ಕೂದಲುಗಳಿದ್ದು, ಹಿಂದೆ ಸರಿದಂತೆ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಶಸ್ತ್ರವೈದ್ಯರು ಮೊದಲ ಅರ್ಧದಿಂದ ಒಂದು ಸೆಂಟಿಮೀಟರಿನಲ್ಲಿ ಒಂದೇ ಕೂದಲಿರುವ ಗುಚ್ಛಗಳನ್ನು ಕ್ರಮವಿಲ್ಲದಂತೆ ನೆಟ್ಟು, ಅದರ ಹಿಂದೆ 2ರಿಂದ 4 ಕೂದಲುಗಳ ಗುಚ್ಛಗಳನ್ನು ನೆಡುತ್ತಾರೆ. ಕೂದಲು ಚರ್ಮದಿಂದ ನೆಟ್ಟಗೆ ಏಳದೆ, ಮುಂದಕ್ಕೆ ಬಾಗಿ ಹೊರಡುವಂತೆ ಕೋನವನ್ನು ಹೊಂದಿಸುತ್ತಾರೆ.

ಹುಬ್ಬುಗಳ ನಡುವಿನ ಬಿಂದುವಿನಿಂದ ಸುಮಾರು 7ರಿಂದ 9 ಸೆಂಟಿಮೀಟರ್ ಎತ್ತರದಲ್ಲಿ ಕೇಶರೇಖೆಯ ಮಧ್ಯಭಾಗ ಬರುವಂತೆ ಗುರುತಿಸುವುದು ವಾಡಿಕೆ. ಹದಿಹರೆಯದ ಕೇಶರೇಖೆಯನ್ನು ಮರಳಿ ತರಲು ಹೊರಟರೆ ಅದು ಐವತ್ತು, ಅರವತ್ತರ ವಯಸ್ಸಿನಲ್ಲಿ ಮುಖಕ್ಕೆ ಒಪ್ಪುವುದಿಲ್ಲ. ಕಪೋಲಗಳ ಮೇಲ್ಭಾಗದಲ್ಲಿ, ಹಣೆಯ ಎರಡು ಮೂಲೆಗಳು ತುಸು ಹಿಂದೆ ಸರಿದಿರುವುದೇ ವಯಸ್ಕ ಪುರುಷರಿಗೆ ಸಹಜ.

ಹೇರ್ ಪ್ಯಾಚಿನ ರಚನೆ ಮತ್ತು ಜೋಡಣೆ

ಹೇರ್ ಪ್ಯಾಚಿನಲ್ಲಿ ತಳ ಮತ್ತು ಕೂದಲು ಎಂಬ ಎರಡು ಭಾಗಗಳಿವೆ. ತಳವನ್ನು ಲೇಸ್ ಬಲೆ, ನವಿರಾದ ಮೊನೊಫಿಲಮೆಂಟ್ ಬಟ್ಟೆ ಅಥವಾ ಚರ್ಮದಂತೆ ಕಾಣುವ ಪಾಲಿಯುರಿಥೇನ್ ಹಾಳೆಯಿಂದ ಮಾಡುತ್ತಾರೆ. ಲೇಸ್ ಬಲೆಯಲ್ಲಿ ಗಾಳಿಯಾಡುತ್ತದೆ, ಆದರೆ ಬೇಗ ಹರಿಯುತ್ತದೆ. ಪಾಲಿಯುರಿಥೇನ್ ತಳವನ್ನು ಶುಚಿಗೊಳಿಸುವುದು ಸುಲಭ, ಆದರೆ ಅದರಡಿ ಬೆವರು ನಿಲ್ಲುತ್ತದೆ. ಕೂದಲು ಮಾನವ ಕೂದಲಾಗಿರಬಹುದು ಅಥವಾ ಸಂಶ್ಲೇಷಿತ ಎಳೆಯಾಗಿರಬಹುದು. ನೆಟ್ಟ ಕೂದಲಿನೊಂದಿಗೆ ಬೆರೆಯಬೇಕಾದಲ್ಲಿ ಮಾನವ ಕೂದಲೇ ಹೆಚ್ಚು ಸೂಕ್ತ.

ತಳವನ್ನು ಕ್ಲಿಪ್, ಎರಡೂ ಬದಿ ಅಂಟಿರುವ ಟೇಪ್ ಅಥವಾ ದ್ರವರೂಪದ ಅಂಟಿನಿಂದ ಕೂರಿಸುತ್ತಾರೆ. ಸಂಯೋಜಿತ ಕ್ರಮದಲ್ಲಿ ಪ್ಯಾಚಿನ ಮುಂದಿನ ಅಂಚು ನೆಟ್ಟ ಪಟ್ಟಿಯ ಹಿಂದೆ, ಬೋಳು ಚರ್ಮದ ಮೇಲೆ ಕೂರಬೇಕು. ನೆಟ್ಟ ಕೂದಲಿಗೇ ಕ್ಲಿಪ್ ಹಾಕಿದರೆ ನಿರಂತರ ಎಳೆತದಿಂದ ಆ ಕೂದಲೂ ಉದುರಬಹುದು. ಎಳೆತದಿಂದ ಕೂದಲು ಉದುರುವ ಈ ಸ್ಥಿತಿ ದೀರ್ಘಕಾಲ ಮುಂದುವರಿದರೆ ಶಾಶ್ವತವಾಗುತ್ತದೆ.

ಪ್ಯಾಚಿನ ಸಾಂದ್ರತೆ ನೆಟ್ಟ ಕೂದಲಿಗೆ ಹೊಂದುವಂತಿರಬೇಕು. ಮುಂದೆ ತೆಳುವಾಗಿದ್ದು ಹಿಂದೆ ಒಮ್ಮೆಲೇ ದಟ್ಟವಾದರೆ ಕೃತಕತೆ ಎದ್ದು ಕಾಣುತ್ತದೆ. ಸ್ವಂತ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಕಾಲಕ್ರಮೇಣ ನರೆಯುತ್ತದೆ. ಪ್ಯಾಚಿನ ಕೂದಲು ಬೆಳೆಯುವುದಿಲ್ಲ, ಬಿಸಿಲಿಗೆ ಬಣ್ಣಗುಂದುತ್ತದೆ. ಹೀಗಾಗಿ ಕತ್ತರಿಸುವಿಕೆ, ಬಣ್ಣದ ಹೊಂದಾಣಿಕೆ ಮತ್ತು ಪ್ಯಾಚಿನ ಬದಲಾವಣೆ ನಿರಂತರವಾಗಿ ನಡೆಯಬೇಕಾಗುತ್ತದೆ.

ಕಾಲಾನುಕ್ರಮ

ಕಸಿಯ ನಂತರ ಗ್ರಾಫ್ಟ್‌ಗಳು ಚರ್ಮದಲ್ಲಿ ಭದ್ರವಾಗಲು ಸುಮಾರು 10 ದಿನಗಳು ಬೇಕು. ಈ ಅವಧಿಯಲ್ಲಿ ನೆಟ್ಟ ಭಾಗಕ್ಕೆ ಉಜ್ಜುವಿಕೆ ಅಥವಾ ಒತ್ತಡ ತಗುಲಬಾರದು. ಪ್ಯಾಚನ್ನು ಮತ್ತೆ ಯಾವಾಗ ಧರಿಸಬಹುದೆಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸಬೇಕು. ಮೊದಲ ಕೆಲವು ವಾರಗಳಲ್ಲಿ ನೆಟ್ಟ ಕೂದಲು ಉದುರುವುದು ಸಹಜ. ಬುಡ ಒಳಗೆ ಜೀವಂತವಾಗಿದ್ದು, 3–4 ತಿಂಗಳಲ್ಲಿ ಹೊಸ ಕೂದಲು ಹೊರಡುತ್ತದೆ. ಅಂತಿಮ ರೂಪ ತಿಳಿಯಲು ಸುಮಾರು ಒಂದು ವರ್ಷ ಬೇಕು. ಪ್ಯಾಚನ್ನು ನೆಟ್ಟ ಕೂದಲಿನೊಂದಿಗೆ ಬೆರೆಸುವುದು ಕೂದಲು ಸಾಕಷ್ಟು ಉದ್ದವಾದ ಮೇಲಷ್ಟೇ ಸಾಧ್ಯ.

ಮಿತಿಗಳು ಮತ್ತು ಅಪಾಯಗಳು

ಈ ಕ್ರಮದ ಮುಖ್ಯ ಮಿತಿ ಅದರ ಅರ್ಧಭಾಗ ಶಾಶ್ವತ, ಅರ್ಧಭಾಗ ತಾತ್ಕಾಲಿಕ ಎಂಬುದು. ಪ್ಯಾಚನ್ನು ಯಾವಾಗ ಬೇಕಾದರೂ ತೆಗೆದಿಡಬಹುದು; ನೆಟ್ಟ ಕೂದಲನ್ನು ಹಾಗೆ ಮಾಡಲಾಗದು. ಮುಂದೊಂದು ದಿನ ವ್ಯಕ್ತಿಯು ಪ್ಯಾಚ್ ಸಾಕೆಂದು ನಿರ್ಧರಿಸಿದರೆ, ಹಣೆಯ ಮೇಲೆ ಕೂದಲಿನ ಪಟ್ಟಿಯೊಂದು ಉಳಿದು, ಅದರ ಹಿಂದೆ ನೆತ್ತಿ ಬೋಳಾಗಿರುತ್ತದೆ. ಇಂತಹ ನೋಟ ಸಹಜ ಬೋಳುತಲೆಯಲ್ಲಿ ಇರುವುದಿಲ್ಲವಾದ್ದರಿಂದ ಅದು ಬೋಳುತಲೆಗಿಂತ ಹೆಚ್ಚು ಮುಜುಗರ ತರಬಹುದು. ತಲೆ ಬೋಳಿಸಿಕೊಂಡರೂ ಹಿಂದಲೆಯ ಗಾಯದ ಕಲೆಗಳು ಕಾಣಬಹುದು. ಆದ್ದರಿಂದ ಕೆಲವು ವರ್ಷ ಪ್ಯಾಚ್ ಧರಿಸಿ ಅದಕ್ಕೆ ಒಗ್ಗಿಕೊಂಡವರಿಗೆ ಈ ಕ್ರಮ ಹೆಚ್ಚು ಹೊಂದುತ್ತದೆ. ಕೂದಲು ಇನ್ನೂ ಉದುರುತ್ತಿರುವ ಇಪ್ಪತ್ತರ ಹರೆಯದವರಿಗೆ ಇದು ಸೂಕ್ತವಲ್ಲ.

ಕಸಿಯಿಂದ ರಕ್ತಸ್ರಾವ, ಸೋಂಕು, ಕೇಶಕೂಪಗಳ ಉರಿಯೂತ ಮತ್ತು ಕೆಲಕಾಲ ಚರ್ಮದ ಮರಗಟ್ಟುವಿಕೆ ಉಂಟಾಗಬಹುದು. ಪ್ಯಾಚಿನ ಅಂಟಿನಿಂದ ಕೆಲವರಿಗೆ ಚರ್ಮದ ಅಲರ್ಜಿ ಆಗುತ್ತದೆ. ಪ್ಯಾಚಿನಡಿ ಗಾಳಿ ಸಿಗದೆ ಕೂದಲು ಸಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಶಕೂಪಗಳಿಗೆ ಆಮ್ಲಜನಕ ಮತ್ತು ಪೋಷಣೆ ದೊರೆಯುವುದು ರಕ್ತದಿಂದ.

ಸಂಶ್ಲೇಷಿತ ಎಳೆಗಳನ್ನು ನೇರವಾಗಿ ತಲೆಯ ಚರ್ಮದೊಳಗೆ ಚುಚ್ಚಿ ನೆಡುವ ಪದ್ಧತಿಯನ್ನು ಈ ಕ್ರಮದೊಂದಿಗೆ ಗೊಂದಲಿಸಿಕೊಳ್ಳಬಾರದು. ಸೋಂಕು ಮೊದಲಾದ ತೊಂದರೆಗಳ ಕಾರಣ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಂತಹ ಎಳೆಗಳನ್ನು 1983ರಲ್ಲಿ ನಿಷೇಧಿಸಿತು.

ಮಹಿಳೆಯರಲ್ಲಿ

ಮಹಿಳೆಯರಲ್ಲಿ ಅನುವಂಶೀಯ ಕೂದಲು ಉದುರುವಿಕೆ ಭಿನ್ನವಾಗಿರುತ್ತದೆ. ಬೈತಲೆಯ ಸುತ್ತ ಮತ್ತು ನೆತ್ತಿಯ ಮೇಲೆ ಕೂದಲು ತೆಳುವಾದರೂ ಮುಂದಿನ ಕೇಶರೇಖೆ ಬಹುಮಟ್ಟಿಗೆ ಉಳಿದಿರುತ್ತದೆ. ಹೀಗಾಗಿ ಅನೇಕರಿಗೆ ಕಸಿಯ ಅಗತ್ಯವಿಲ್ಲದೆ, ನೆತ್ತಿಯ ಮೇಲೆ ಕೂರುವ ಸಣ್ಣ ಪ್ಯಾಚ್ ಸಾಕಾಗುತ್ತದೆ. ಕೀಮೊಥೆರಪಿಯಿಂದ ಉದುರಿದ ಕೂದಲು ಚಿಕಿತ್ಸೆ ಮುಗಿದ ಬಳಿಕ ಸಾಮಾನ್ಯವಾಗಿ ಮರಳಿ ಬೆಳೆಯುವುದರಿಂದ, ಅವರಿಗೂ ತಾತ್ಕಾಲಿಕವಾಗಿ ವಿಗ್ ಸಾಕು.

ಭಾರತದಲ್ಲಿ

ಕೂದಲು ಕಸಿಯು ಕ್ಷೌರಿಕ ಸೇವೆಯಲ್ಲ, ಶಸ್ತ್ರಕ್ರಿಯೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೂಕ್ತ ತರಬೇತಿ ಪಡೆದ ನೋಂದಾಯಿತ ವೈದ್ಯರು ಇದನ್ನು ನಡೆಸಬೇಕು; ವಿಡಿಯೊ ನೋಡಿ ಕಲಿತುದನ್ನು ತರಬೇತಿ ಎಂದು ಪರಿಗಣಿಸಲಾಗದು.

ಭಾರತವು ಮಾನವ ಕೂದಲಿನ ಪ್ರಮುಖ ರಫ್ತುದಾರ ರಾಷ್ಟ್ರ. ತಿರುಮಲದಲ್ಲಿ ಭಕ್ತರು ಮುಡಿ ಅರ್ಪಿಸಿದ ಕೂದಲನ್ನು ದೇವಸ್ಥಾನದ ಆಡಳಿತವು ಹರಾಜು ಹಾಕುತ್ತದೆ. ಕರ್ನಾಟಕದಲ್ಲಿ ಕೊಪ್ಪಳದ ಬಳಿಯ ಭಾಗ್ಯನಗರವು ಕೂದಲು ಸಂಸ್ಕರಣೆಗೆ ಹೆಸರಾಗಿದೆ.

ಬೋಳುತಲೆಯನ್ನು ಕುರಿತ ಸಾಮಾಜಿಕ ಹಿಂಜರಿಕೆಯನ್ನು ರಾಜ್ ಬಿ. ಶೆಟ್ಟಿ ಅವರ 2017ರ ಕನ್ನಡ ಚಲನಚಿತ್ರ ‘ಒಂದು ಮೊಟ್ಟೆಯ ಕಥೆ’ ನಿರೂಪಿಸುತ್ತದೆ. ಅದರ ನಾಯಕ, ತಲೆಗೂದಲು ಕಳೆದುಕೊಂಡು ವಧುವಿನ ಹುಡುಕಾಟದಲ್ಲಿರುವ ಕನ್ನಡ ಉಪನ್ಯಾಸಕ.