ಸಾವಿರ ಕೈಗಳ ಗ್ರಂಥಕ್ಕೆ ಒಂದೇ ರೂಪ: ವಿಕಿ ಪುಟಗಳ ಶೈಲಿ ವರ್ಗಗಳು ಬೆಳೆದುಬಂದ ಬಗೆ

ನಿಮ್ಮ ಶಾಲೆಯ ಯಾವುದಾದರೂ ವಿಜ್ಞಾನ ಪಠ್ಯಪುಸ್ತಕವನ್ನು ತೆರೆದು ನೋಡಿ. ಅಧ್ಯಾಯದ ಶೀರ್ಷಿಕೆಗಳೆಲ್ಲ ಒಂದೇ ಗಾತ್ರದ ದಪ್ಪ ಅಕ್ಷರಗಳಲ್ಲಿರುತ್ತವೆ. ಪ್ರಯೋಗದ ವಿವರಣೆ ಒಂದು ಬಗೆಯ ಚೌಕಟ್ಟಿನಲ್ಲಿದ್ದರೆ, ಎಚ್ಚರಿಕೆಯ ಮಾತು ಇನ್ನೊಂದು ಬಗೆಯ ಚೌಕಟ್ಟಿನಲ್ಲಿರುತ್ತದೆ. ಎರಡು ಮೂರು ಅಧ್ಯಾಯಗಳನ್ನು ಓದಿದ ವಿದ್ಯಾರ್ಥಿಗೆ ಚೌಕಟ್ಟನ್ನು ಕಂಡೊಡನೆಯೇ ಅದರೊಳಗೆ ಏನಿದೆ ಎಂಬುದು ತಿಳಿಯುತ್ತದೆ. ಪುಸ್ತಕವನ್ನು ನಾಲ್ಕೈದು ಮಂದಿ ಬರೆದಿದ್ದರೂ ಈ ಏಕರೂಪತೆ ಕೆಡುವುದಿಲ್ಲ. ಎಲ್ಲರ ಹಸ್ತಪ್ರತಿಯೂ ಸಂಪಾದಕರ ಕೈ ದಾಟಿ, ಒಂದೇ ಮುದ್ರಣಾಲಯದಿಂದ ಹೊರಬರುವುದೇ ಇದಕ್ಕೆ ಕಾರಣ.

ಈಗ ಸಾವಿರಾರು ಮಂದಿ, ಒಬ್ಬರ ಮುಖವನ್ನು ಒಬ್ಬರು ಕಾಣದೆಯೇ, ಲಕ್ಷಾಂತರ ಪುಟಗಳ ಗ್ರಂಥವೊಂದನ್ನು ಬರೆಯುತ್ತಿದ್ದಾರೆಂದು ಭಾವಿಸಿ. ಅದಕ್ಕೆ ಒಬ್ಬ ಪ್ರಧಾನ ಸಂಪಾದಕರಿಲ್ಲ. ಯಾರು ಬೇಕಾದರೂ ಬಹುಪಾಲು ಪುಟಗಳನ್ನು ತಿದ್ದಬಹುದು. ಇಂಥ ಗ್ರಂಥಕ್ಕೆ ಒಂದೇ ರೂಪ ಬರುವುದಾದರೂ ಹೇಗೆ? ವಿಕಿ ಸಮುದಾಯಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಎಲ್ಲರೂ ಹಂಚಿಕೊಂಡು ಬಳಸುವ ‘ಶೈಲಿ ವರ್ಗ’ಗಳು. ಈ ಉತ್ತರದ ಬೇರು ವಿಕಿಗಿಂತ ಸುಮಾರು ಮೂರು ದಶಕಗಳಷ್ಟು ಹಳೆಯದು.

ಮುದ್ರಣಾಲಯದಿಂದ ಗಣಕಕ್ಕೆ

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಹಸ್ತಪ್ರತಿಯ ಅಂಚಿನಲ್ಲಿ ‘ಇದು ದಪ್ಪಕ್ಷರ’, ‘ಇದು ನಡುವೆ ಬರಲಿ’ ಎಂದು ಗುರುತು ಹಾಕುವ ರೂಢಿಯಿತ್ತು. ಗಣಕಗಳು ಮುದ್ರಣಕ್ಕೆ ಬಂದಾಗ ಈ ಗುರುತುಗಳು ಸಂಕೇತಗಳಾಗಿ ಬರಹದೊಳಗೇ ಸೇರಿಕೊಂಡವು. ಆದರೆ ಒಂದು ಯಂತ್ರದ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಯಂತ್ರ ಬದಲಾದರೆ ಬರಹವನ್ನೆಲ್ಲ ಮತ್ತೆ ತಿದ್ದಬೇಕಾಗುತ್ತಿತ್ತು.

1967ರ ಸೆಪ್ಟೆಂಬರ್‌ನಲ್ಲಿ ವಿಲಿಯಂ ಟನ್ನಿಕ್ಲಿಫ್ ಎಂಬವರು ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಬರಹದಲ್ಲಿರುವ ವಿಷಯವನ್ನೂ ಅದರ ರೂಪವನ್ನೂ ಬೇರೆ ಬೇರೆ ಇಡಬೇಕು ಎಂಬುದೇ ಆ ವಿಚಾರ. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ವಕೀಲರ ಕಚೇರಿಗಳ ದಾಖಲೆಗಳಿಗಾಗಿ ವ್ಯವಸ್ಥೆಯೊಂದನ್ನು ರೂಪಿಸುವಾಗ ಇದೇ ದಾರಿ ಹಿಡಿದರು. ‘ದಪ್ಪಕ್ಷರ’ ಎಂದು ಗುರುತಿಸುವ ಬದಲು ‘ಶೀರ್ಷಿಕೆ’ ಎಂದು ಗುರುತಿಸಿದರು. ಶೀರ್ಷಿಕೆ ಹೇಗೆ ಕಾಣಬೇಕೆಂಬುದನ್ನು ಬೇರೊಂದು ಕಡೆ ಹೇಳಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಜಿಎಂಎಲ್ ಎನಿಸಿಕೊಂಡ ಈ ಗುರುತು ಭಾಷೆ ಬೆಳೆದು, 1986ರಲ್ಲಿ ಎಸ್‌ಜಿಎಂಎಲ್ ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಇಲ್ಲಿನ ಮುಖ್ಯ ತತ್ತ್ವವನ್ನು ಗಮನಿಸಿ. ಒಂದು ಭಾಗ ‘ಏನು’ ಎಂಬುದನ್ನು ಬರೆಯುವವರು ಹೇಳುತ್ತಾರೆ. ಅದು ‘ಹೇಗೆ ಕಾಣಬೇಕು’ ಎಂಬುದನ್ನು ಒಂದೇ ಕಡೆ ತೀರ್ಮಾನಿಸಲಾಗುತ್ತದೆ.

ಜಾಲಪುಟಗಳ ಬಣ್ಣದ ಗೊಂದಲ

ಸ್ವಿಟ್ಜರ್ಲೆಂಡಿನ ಸೆರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲವನ್ನು ರೂಪಿಸಿದಾಗ, ಪುಟಗಳಿಗೆಂದು ಅವರು ಆರಿಸಿಕೊಂಡ ಎಚ್‌ಟಿಎಂಎಲ್ ಭಾಷೆಯೂ ಇದೇ ವಂಶದ್ದು. ಶೀರ್ಷಿಕೆ, ಪ್ಯಾರಾ, ಪಟ್ಟಿ ಎಂಬ ಕೆಲವೇ ಗುರುತುಗಳು ಅದರಲ್ಲಿದ್ದವು. ಅಂತರಜಾಲ ಜನಪ್ರಿಯವಾದಂತೆ ಪುಟ ರಚಿಸುವವರು ಬಣ್ಣ, ಅಕ್ಷರಶೈಲಿಗಳನ್ನು ಬಯಸಿದರು. ಬ್ರೌಸರ್ ತಯಾರಕರು ‘ಫಾಂಟ್’ ಮುಂತಾದ ಹೊಸ ಗುರುತುಗಳನ್ನು ಸೇರಿಸುತ್ತ ಹೋದರು. 1997ರ ಜನವರಿಯಲ್ಲಿ ಬಂದ ಎಚ್‌ಟಿಎಂಎಲ್ 3.2 ಆವೃತ್ತಿ ಅವುಗಳಿಗೆ ಮಾನ್ಯತೆಯನ್ನೂ ನೀಡಿತು.

ಇದರಿಂದ ಎರಡು ತೊಂದರೆಗಳಾದವು. ಮೊದಲನೆಯದು, ಇನ್ನೂರು ಪುಟಗಳ ತಾಣದಲ್ಲಿ ಕೆಂಪು ಶೀರ್ಷಿಕೆಗಳನ್ನು ನೀಲಿ ಮಾಡಬೇಕೆಂದರೆ ಇನ್ನೂರು ಪುಟಗಳನ್ನೂ ತಿದ್ದಬೇಕು. ಎರಡನೆಯದು ಇನ್ನೂ ಗಂಭೀರ. ದೊಡ್ಡ ಕೆಂಪಕ್ಷರದ ಸಾಲು ಶೀರ್ಷಿಕೆ ಎಂಬುದು ಕಣ್ಣಿಗೆ ತಿಳಿಯುತ್ತದೆ, ಗಣಕಕ್ಕೆ ತಿಳಿಯುವುದಿಲ್ಲ. ಪುಟವನ್ನು ಧ್ವನಿಯ ಮೂಲಕ ಕೇಳಿಸಿಕೊಳ್ಳುವ ಅಂಧ ಓದುಗರಿಗೆ ಅದು ಇತರ ಸಾಲುಗಳಂತೆಯೇ ಒಂದು ಸಾಲು.

ಪರಿಹಾರದ ಬೀಜ ಆಗಲೇ ಬಿತ್ತಲ್ಪಟ್ಟಿತ್ತು. ಸೆರ್ನ್‌ನಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್ 10ರಂದು ಶೈಲಿಪತ್ರಗಳ ಪ್ರಸ್ತಾವವೊಂದನ್ನು ಪ್ರಕಟಿಸಿದ್ದರು. ನೆದರ್ಲೆಂಡ್ಸಿನ ಬರ್ಟ್ ಬಾಸ್ ಅವರೊಡನೆ ಸೇರಿ ಬೆಳೆಸಿದ ಈ ಪ್ರಸ್ತಾವ 1996ರ ಡಿಸೆಂಬರ್ 17ರಂದು ಸಿಎಸ್‌ಎಸ್ ಎಂಬ ಹೆಸರಿನಲ್ಲಿ ಅಧಿಕೃತ ಶಿಫಾರಸಾಯಿತು. ಅದರ ಒಂದು ವರ್ಷದ ನಂತರ ಬಂದ ಎಚ್‌ಟಿಎಂಎಲ್ 4.0 ಆವೃತ್ತಿಯು ‘ಫಾಂಟ್’ ಗುರುತನ್ನು ಬಳಸದಿರುವುದು ಒಳ್ಳೆಯದೆಂದು ಸಾರಿತು.

ಸಿಎಸ್‌ಎಸ್‌ನಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ‘ವರ್ಗ’. ಪುಟದ ಯಾವುದೇ ಭಾಗಕ್ಕೆ ನೀವೇ ಒಂದು ಹೆಸರಿಡಬಹುದು. ಉದಾಹರಣೆಗೆ ‘ಎಚ್ಚರಿಕೆ’ ಎಂಬ ವರ್ಗದ ಹೆಸರು ಕೊಟ್ಟು, ‘ಎಚ್ಚರಿಕೆ ವರ್ಗದ ಭಾಗಗಳಿಗೆಲ್ಲ ಕೆಂಪು ಅಂಚು, ತಿಳಿ ಹಿನ್ನೆಲೆ ಇರಲಿ’ ಎಂದು ಶೈಲಿಪತ್ರದಲ್ಲಿ ಒಮ್ಮೆ ಬರೆದರೆ ಸಾಕು. (ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳ ವಿಷಯವಾರು ವಿಂಗಡಣೆಗೂ ‘ವರ್ಗ’ ಎಂದೇ ಹೆಸರು. ಅದು ಬೇರೆ, ಇದು ಬೇರೆ.)

ವಿಕಿಗೆ ಬಂದ ಶೈಲಿ ವರ್ಗ

ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಆರಂಭಿಸಿದರು. ತಂತ್ರಾಂಶ ರಚಿಸುವವರು ತಮ್ಮ ಅನುಭವಗಳನ್ನು ಒಟ್ಟಾಗಿ ದಾಖಲಿಸಲಿ ಎಂಬುದು ಅದರ ಉದ್ದೇಶ. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಬರೆಯುವವರು ಎಚ್‌ಟಿಎಂಎಲ್ ಕಲಿಯಬೇಕಾಗಿರಲಿಲ್ಲ. ಪದದ ಎರಡೂ ಬದಿಗೆ ಎರಡೆರಡು ಮೇಲು ಅಲ್ಪವಿರಾಮ ಹಾಕಿದರೆ ಪದಕ್ಕೆ ಒತ್ತು ಬರುತ್ತಿತ್ತು. ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ ಆಗುತ್ತಿತ್ತು.

2001ರ ಜನವರಿ 15ರಂದು ವಿಕಿಪೀಡಿಯ ಹುಟ್ಟಿತು. 2003ರಲ್ಲಿ ಕನ್ನಡ ಆವೃತ್ತಿಯೂ ಬಂದಿತು. ಲೇಖನಗಳು ಹೆಚ್ಚಿದಂತೆ ಕೋಷ್ಟಕಗಳು, ಮಾಹಿತಿ ಚೌಕಟ್ಟುಗಳು, ಸೂಚನಾ ಫಲಕಗಳು ಬೇಕಾದವು. ಸರಳ ವಿಕಿ ಗುರುತುಗಳು ಇದಕ್ಕೆ ಸಾಲಲಿಲ್ಲ. ಬರಹಗಾರರು ಪ್ರತಿ ಕೋಷ್ಟಕದಲ್ಲೂ ಅಂಚಿನ ದಪ್ಪ, ಹಿನ್ನೆಲೆ ಬಣ್ಣಗಳನ್ನು ತಾವೇ ಬರೆಯತೊಡಗಿದರು. ಹತ್ತು ವರ್ಷ ಹಿಂದೆ ‘ಫಾಂಟ್’ ಗುರುತು ತಂದಿದ್ದ ಗೊಂದಲವೇ ವಿಕಿಯೊಳಗೂ ಕಾಣಿಸಿಕೊಂಡಿತು.

ಇದಕ್ಕೆ ಸಮುದಾಯ ಕಂಡುಕೊಂಡ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಇಡೀ ತಾಣಕ್ಕೆ ಅನ್ವಯಿಸುವ ‘ಕಾಮನ್ ಸಿಎಸ್‌ಎಸ್’ ಎಂಬ ಪುಟದಲ್ಲಿ ವರ್ಗಗಳ ನಿಯಮಗಳಿರುತ್ತವೆ. ಟೆಂಪ್ಲೇಟು ಎಂಬ ಸಿದ್ಧ ಅಚ್ಚು ಆ ವರ್ಗಗಳನ್ನು ಬಳಸುತ್ತದೆ. ಲೇಖಕರು ಟೆಂಪ್ಲೇಟಿನ ಹೆಸರನ್ನಷ್ಟೇ ಬರೆಯುತ್ತಾರೆ. ಕೋಷ್ಟಕಕ್ಕೆ ‘ವಿಕಿಟೇಬಲ್’, ಮಾಹಿತಿ ಚೌಕಟ್ಟಿಗೆ ‘ಇನ್ಫೋಬಾಕ್ಸ್’ ಎಂಬ ವರ್ಗಗಳು ಹೀಗೆ ಪ್ರಸಿದ್ಧವಾದವು.

ತಾಂತ್ರಿಕ ಕೈಪಿಡಿಗಳಲ್ಲಿ ಇದರ ಬೆಲೆ ಇನ್ನೂ ಸ್ಪಷ್ಟ. ಆರ್ಚ್ ಲಿನಕ್ಸ್ ಬಳಕೆದಾರರು ನಡೆಸುವ ಆರ್ಚ್‌ವಿಕಿಯಲ್ಲಿ ‘ಗಮನಿಸಿ’, ‘ಸಲಹೆ’, ‘ಎಚ್ಚರಿಕೆ’ ಎಂಬ ಅರ್ಥದ ಮೂರು ಟೆಂಪ್ಲೇಟುಗಳಿವೆ. ಡಿಸ್ಕಿನ ಮಾಹಿತಿಯನ್ನೆಲ್ಲ ಅಳಿಸಿಹಾಕಬಲ್ಲ ಆದೇಶದ ಪಕ್ಕದಲ್ಲಿ ಎಚ್ಚರಿಕೆಯ ಫಲಕವಿದ್ದರೆ, ಅದು ಎಲ್ಲ ಪುಟಗಳಲ್ಲೂ ಒಂದೇ ರೀತಿ ಕಾಣಬೇಕು. ಒಬ್ಬೊಬ್ಬ ಲೇಖಕರು ಒಂದೊಂದು ಬಣ್ಣ ಹಚ್ಚಿದರೆ ಓದುಗರ ಕಣ್ಣು ಎಚ್ಚರಿಕೆಯನ್ನು ಗುರುತಿಸಲು ಕಲಿಯುವುದೇ ಇಲ್ಲ.

ಒಂದು ಸಾಲಿನ ಶಕ್ತಿ, ಒಂದು ಸಾಲಿನ ಅಪಾಯ

ಹಂಚಿಕೊಂಡ ಶೈಲಿಗೆ ಬೆಲೆ ತೆರಬೇಕಾಗುತ್ತದೆ. ಸಾಮಾನ್ಯ ಶೈಲಿಪತ್ರದ ಒಂದು ಸಾಲನ್ನು ಬದಲಿಸಿದರೆ ಲಕ್ಷಾಂತರ ಪುಟಗಳು ಒಮ್ಮೆಗೇ ಬದಲಾಗುತ್ತವೆ. ತಪ್ಪು ಬರೆದರೂ ಅಷ್ಟೇ ಪುಟಗಳು ಕೆಡುತ್ತವೆ. ಆದ್ದರಿಂದ ಯಾರು ಬೇಕಾದರೂ ತಿದ್ದಬಹುದಾದ ವಿಕಿಯಲ್ಲಿ ಈ ಪುಟವನ್ನು ಮಾತ್ರ ಎಲ್ಲರೂ ತಿದ್ದುವಂತಿಲ್ಲ. 2018ರಿಂದ ವಿಕಿಪೀಡಿಯದಲ್ಲಿ ಈ ಹಕ್ಕು ಸಾಮಾನ್ಯ ನಿರ್ವಾಹಕರಿಗೂ ಇಲ್ಲ. ‘ಇಂಟರ್‌ಫೇಸ್ ನಿರ್ವಾಹಕ’ರೆಂಬ ಸಣ್ಣ ಗುಂಪಿಗೆ ಮಾತ್ರ ಇದೆ.

ಇದರಿಂದ ಮತ್ತೊಂದು ತೊಡಕು ಹುಟ್ಟಿತು. ಟೆಂಪ್ಲೇಟು ರಚಿಸುವವರು ಚಿಕ್ಕ ಬದಲಾವಣೆಗೂ ಆ ಕೆಲವರನ್ನು ಕೇಳಬೇಕು. ಒಂದೆರಡು ಪುಟಗಳಿಗಷ್ಟೇ ಬೇಕಾದ ನಿಯಮವನ್ನು ಪ್ರತಿಯೊಬ್ಬ ಓದುಗರ ಗಣಕವೂ ಇಳಿಸಿಕೊಳ್ಳಬೇಕು. ‘ಟೆಂಪ್ಲೇಟ್‌ಸ್ಟೈಲ್ಸ್’ ಎಂಬ ಸೌಲಭ್ಯ ಇದಕ್ಕೆ ನಡುದಾರಿ ತೋರಿಸಿತು. 2018ರ ಹೊತ್ತಿಗೆ ವಿಕಿಪೀಡಿಯಗಳಲ್ಲಿ ಬಳಕೆಗೆ ಬಂದ ಇದರಿಂದ ಟೆಂಪ್ಲೇಟು ತನ್ನದೇ ಶೈಲಿಪತ್ರವನ್ನು ಜೊತೆಗಿಟ್ಟುಕೊಳ್ಳಬಹುದು. ಅಪಾಯಕಾರಿ ನಿಯಮಗಳನ್ನು ತಂತ್ರಾಂಶವೇ ತಡೆಯುತ್ತದೆ.

ಈ ತತ್ತ್ವಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು 2024ರಲ್ಲಿ. ಆ ವರ್ಷ ವಿಕಿಪೀಡಿಯದಲ್ಲಿ ಕಪ್ಪು ಹಿನ್ನೆಲೆಯಲ್ಲಿ ಓದುವ ಸೌಲಭ್ಯ ಬಂದಿತು. ವರ್ಗಗಳನ್ನು ಬಳಸಿದ ಭಾಗಗಳಿಗೆ ನಿಯಮವನ್ನು ಒಂದೇ ಕಡೆ ತಿದ್ದಿದರೆ ಸಾಕಾಗಿತ್ತು. ಆದರೆ ‘ಹಿನ್ನೆಲೆ ಬಿಳಿ’ ಎಂದು ಕೈಯಾರೆ ಬರೆದು, ಅಕ್ಷರದ ಬಣ್ಣವನ್ನು ಹೇಳದೆ ಬಿಟ್ಟಿದ್ದ ಕಡೆ ಬಿಳಿಯ ಮೇಲೆ ಬಿಳಿಚಿದ ಅಕ್ಷರ ಮೂಡಿ ಓದಲಾಗದಂತಾಗುತ್ತಿತ್ತು. ಅಂಥವನ್ನು ಸ್ವಯಂಸೇವಕರು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.

ಕನ್ನಡಕ್ಕೆ ಇದರಿಂದೇನು?

ರೋಮನ್ ಲಿಪಿಯಲ್ಲಿ ಗ್ರಂಥದ ಹೆಸರನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕುವುದು ರೂಢಿ. ಕನ್ನಡ ಲಿಪಿಗೆ ಓರೆ ಅಕ್ಷರದ ಪರಂಪರೆಯಿಲ್ಲ. ಗಣಕ ಬಲವಂತವಾಗಿ ವಾಲಿಸಿದ ಅಕ್ಷರಗಳು ಚೆನ್ನಾಗಿ ಕಾಣುವುದಿಲ್ಲ. ‘ಓರೆ’ ಎಂದು ಬರೆದ ಟೆಂಪ್ಲೇಟನ್ನು ಇಂಗ್ಲಿಷಿನಿಂದ ತಂದರೆ ಆ ಓರೆಯೂ ಜೊತೆಗೆ ಬರುತ್ತದೆ. ‘ಗ್ರಂಥದ ಹೆಸರು’ ಎಂಬ ವರ್ಗವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ತೋರಿಸಬೇಕೇ, ದಪ್ಪಕ್ಷರದಲ್ಲಿ ತೋರಿಸಬೇಕೇ ಎಂಬುದನ್ನು ಕನ್ನಡದ ಶೈಲಿಪತ್ರವೇ ತೀರ್ಮಾನಿಸಬಹುದು. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಬೇಕಾಗುವ ಹೆಚ್ಚಿನ ಅಂತರವನ್ನೂ ಹಾಗೆಯೇ ಒಂದೇ ಕಡೆ ಹೇಳಬಹುದು.

ಟೆಂಪ್ಲೇಟನ್ನು ನಕಲಿಸುವಾಗ ಇನ್ನೊಂದು ಎಚ್ಚರ ಬೇಕು. ವರ್ಗದ ಹೆಸರು ಬಂದು, ಅದರ ನಿಯಮ ಮೂಲ ವಿಕಿಯಲ್ಲೇ ಉಳಿದುಬಿಟ್ಟರೆ ಚೌಕಟ್ಟು ಕಳಚಿದ ಬರಿಯ ಸಾಲುಗಳು ಉಳಿಯುತ್ತವೆ. ಟೆಂಪ್ಲೇಟು ಕೆಟ್ಟಿದೆ ಎಂದುಕೊಳ್ಳುವ ಮೊದಲು ಅದು ಬಳಸುವ ವರ್ಗಗಳ ನಿಯಮ ಇಲ್ಲಿ ಇದೆಯೇ ಎಂದು ನೋಡಿ.

ಈ ತತ್ತ್ವವನ್ನು ತರಗತಿಯಲ್ಲಿ ತೋರಿಸಲು ವಿಕಿಯೇ ಬೇಕೆಂದಿಲ್ಲ. ಪದಸಂಸ್ಕಾರಕ ತಂತ್ರಾಂಶಗಳಲ್ಲಿ ‘ಹೆಡಿಂಗ್ 1’, ‘ಹೆಡಿಂಗ್ 2’ ಮುಂತಾದ ಶೈಲಿಗಳಿರುತ್ತವೆ. ವಿದ್ಯಾರ್ಥಿಗಳ ಒಂದು ಗುಂಪು ಹತ್ತು ಪುಟದ ಯೋಜನಾ ವರದಿಯ ಶೀರ್ಷಿಕೆಗಳನ್ನು ಕೈಯಾರೆ ದಪ್ಪಗೊಳಿಸಲಿ, ಇನ್ನೊಂದು ಗುಂಪು ಈ ಶೈಲಿಗಳನ್ನು ಬಳಸಲಿ. ಆಮೇಲೆ ಎಲ್ಲ ಶೀರ್ಷಿಕೆಗಳ ಗಾತ್ರವನ್ನು ಬದಲಿಸಲು, ಪರಿವಿಡಿ ತಯಾರಿಸಲು ಹೇಳಿ. ಎರಡನೆಯ ಗುಂಪು ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. ಮೊದಲನೆಯ ಗುಂಪು ಇನ್ನೂ ಪುಟ ತಿರುವುತ್ತಿರುವಾಗ, ವ್ಯತ್ಯಾಸ ಎಲ್ಲಿದೆ ಎಂದು ಎರಡೂ ಗುಂಪುಗಳನ್ನು ಕೇಳಿ.