ಕರಾಚಿಯ ಕಂಠ, ಬೆಂಗಳೂರಿನ ರಾಗ

ಪಾಕಿಸ್ತಾನದ ಪಾಪ್ ಸಂಗೀತಕ್ಕೂ ಕನ್ನಡ ನಾಡಿಗೂ ಎತ್ತಣಿಂದೆತ್ತ ಸಂಬಂಧವೆಂದು ಕೇಳುಗರು ಬೆರಗಾಗಬಹುದು. ಆದರೆ ಆ ಸಂಗೀತ ಗಡಿ ದಾಟಿದ ಜಾಡನ್ನು ಅರಸಿ ಹೊರಟರೆ ನಾವು ಬಂದು ನಿಲ್ಲುವುದು ಬೆಂಗಳೂರಿನಲ್ಲಿ.

1980ರ ‘ಕುರ್ಬಾನಿ’ ಚಿತ್ರದ ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದು ಈ ಊರಿನಲ್ಲಿ. ಅದರ ‘ಆಪ್ ಜೈಸಾ ಕೋಯಿ’ ಗೀತೆಗೆ ರಾಗ ಕೂಡಿಸಿದ ಬಿದ್ದು ಅಪ್ಪಯ್ಯನವರೂ ಇಲ್ಲಿಯೇ ಗಿಟಾರ್ ನುಡಿಸಿ, ಮುಂದೆ ಲಂಡನ್ನಿನಲ್ಲಿ ಹೆಸರು ಗಳಿಸಿದವರು. ಹಾಡಿದಾಕೆ ಕರಾಚಿಯಲ್ಲಿ ಜನಿಸಿದ, 15ರ ಹರೆಯದ ನಾಜಿಯಾ ಹಸನ್. ಮರುವರ್ಷ ಬಿದ್ದು ಅವರೇ ರೂಪಿಸಿದ ಆಕೆಯ ‘ಡಿಸ್ಕೋ ದೀವಾನೆ’ ಎರಡೂ ದೇಶಗಳಲ್ಲಿ ಮನೆಮಾತಾಯಿತು.

ಜಿಯಾ ಉಲ್ ಹಕ್ ಆಡಳಿತದ ಬಿಗಿಯಲ್ಲೂ ಅಲ್ಲಿನ ತರುಣರು ಹಾಡು ಬಿಡಲಿಲ್ಲ. 1987ರಲ್ಲಿ ‘ವೈಟಲ್ ಸೈನ್ಸ್’ ತಂಡದ ‘ದಿಲ್ ದಿಲ್ ಪಾಕಿಸ್ತಾನ್’ ಮೊಳಗಿತು. ಇತ್ತ 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ಕ್ಕೆ ರಾಗ ಕೊಟ್ಟವರು ಅದೇ ಬಿದ್ದು. ದೇಶಗಳು ಬೇಲಿ ಹಾಕಿಕೊಂಡವು. ರಾಗ ಬೇಲಿಯನ್ನು ಅರಿಯದು.